ಕಾಲಿನ ಗಂಟು, ಹೊಟ್ಟೆಯ ಸುದ್ದಿ

(ಅಂಗಾಂಗ ಕಸಿ ಮಾಡಿಸಿಕೊಂಡವರು ಮತ್ತು ಅವರ ಮನೆಯವರ ಸಭೆಯಲ್ಲಿ ಚರ್ಮರೋಗ ತಜ್ಞೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಒಂದು ಬೆಡ್‌ಶೀಟಿನ ವಿಷಯದಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಓಪಿಡಿಗೆ ಪ್ರೈಮರಿ ಶಾಲೆಯ ಟೀಚರ್ ಒಬ್ಬರು ಬಂದಿದ್ದರು. ವಯಸ್ಸು 40ರ ಆಸುಪಾಸು. 3 ವರ್ಷ ಮೊದಲು ಅವರಿಗೆ ಕಿಡ್ನಿ ಕಸಿ ಆಗಿತ್ತು. ಕಿಡ್ನಿ ಕೊಟ್ಟವರು ಅವರ ತಾಯಿ. ಆ ದಿನ ಜೊತೆಗೆ ಬಂದವರೂ ತಾಯಿಯೇ, ಧಾರವಾಡ ಕಡೆಯ ಗಟ್ಟಿಗಿತ್ತಿ. ಟೀಚರ್ ಸೀರೆಯ ನೆರಿಗೆ ಸ್ವಲ್ಪ ಎತ್ತಿ ಕಾಲು ತೋರಿಸಿದರು. ಎರಡೂ ಕಾಲಿನ ಗಿಣ್ಣಿನ ಸುತ್ತ ಏಳೆಂಟು ಗಂಟುಗಳು. ಕೆಲವು ಅಡಿಕೆಯಷ್ಟು, ಕೆಲವು ನೆಲ್ಲಿಕಾಯಿಯಷ್ಟು. ಮುಟ್ಟಿದರೆ ನೋವು. ಒಂದು ಗಂಟು ಒಡೆದಿತ್ತು.

ಅಷ್ಟರಲ್ಲಾಗಲೇ ಅವರು ಒಂದೂವರೆ ತಿಂಗಳು ಅಲೆದಿದ್ದರು. ಮೊದಲು ಸೊಳ್ಳೆ ಕಚ್ಚಿದ್ದು ಅಂದುಕೊಂಡರು. ಆಮೇಲೆ ಗಿಣ್ಣು ಊದಿತು, ಚಿಕೂನ್‌ಗುನ್ಯಾ ಇರಬೇಕು ಅಂತ ಪಕ್ಕದ ಮನೆಯವರು ಹೇಳಿದರು. ಒಂದು ಕ್ಲಿನಿಕ್ಕಿನಲ್ಲಿ ಕುರು ಎಂದು ಹತ್ತು ದಿನ ಆಂಟಿಬಯೋಟಿಕ್ ಕೊಟ್ಟರು. ಕಮ್ಮಿ ಆಗಲಿಲ್ಲ. ನಾನೂ ಮೊದಲ ನೋಟಕ್ಕೆ ಸೋಂಕು ಅಂತಲೇ ಯೋಚಿಸುತ್ತಿದ್ದೆ. ಕಸಿ ಆದವರ ಮೈಮೇಲೆ ಗಂಟು ಕಂಡರೆ ಸೋಂಕನ್ನು ಮೊದಲು ನೆನೆಯಬೇಕು, ಅದು ಸರಿಯಾದ ಅಭ್ಯಾಸವೇ. ಆಗ ತಾಯಿ ನಡುವೆ ಬಾಯಿ ಹಾಕಿದರು: "ಬಾಯಾರ, ಇದು ಕೀವು ಅಲ್ರೀ. ಎಣ್ಣಿ ಐತ್ರೀ. ಹಾಸಿಗೆ ಚಾದರಕ್ಕ ಹತ್ತೇತಿ. ಸೀಗೆಕಾಯಿ ಹಚ್ಚಿ ತಿಕ್ಕೀನಿ, ಜಿಡ್ಡು ಹೋಗವಲ್ದು."

ನಾನು ಪೆನ್ನು ಕೆಳಗಿಟ್ಟೆ. ಗಂಟು ಒಡೆದು ಕೀವು ಬರುವುದನ್ನು ದಿನಾ ನೋಡುತ್ತೇವೆ. ಎಣ್ಣೆ ಬರುವುದನ್ನು ವೃತ್ತಿಯಲ್ಲಿ ಬೆರಳೆಣಿಕೆಯಷ್ಟು ಸಲ ನೋಡುತ್ತೇವೆ. ಕಂದು ಬಣ್ಣದ, ಜಿಡ್ಡುಜಿಡ್ಡಾದ ಆ ದ್ರವ ಎಲ್ಲಿಂದ ಬರುತ್ತದೆ ಗೊತ್ತಾ? ಚರ್ಮದ ಕೆಳಗಿನ ಕೊಬ್ಬು ಕರಗಿ ಬರುತ್ತದೆ. ಅದನ್ನು ಕರಗಿಸುವ ವಸ್ತು ಕಾಲಿನಲ್ಲಿ ಹುಟ್ಟುವುದಿಲ್ಲ. ಅದು ಹುಟ್ಟುವುದು ಹೊಟ್ಟೆಯ ಹಿಂದೆ, ಮೇದೋಜೀರಕ ಗ್ರಂಥಿಯಲ್ಲಿ. ನಮ್ಮ ಆಸ್ಪತ್ರೆ ಭಾಷೆಯಲ್ಲಿ ಪ್ಯಾಂಕ್ರಿಯಾಸ್.

"ಹೊಟ್ಟೆನೋವು ಇದೆಯಾ?" ಎಂದು ಟೀಚರನ್ನು ಕೇಳಿದೆ. "ಏನಿಲ್ಲ ಮೇಡಂ, ಸ್ವಲ್ಪ ಗ್ಯಾಸ್ಟ್ರಿಕ್ ಅಷ್ಟೇ" ಅಂದರು. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಬೇಕು. ನಮ್ಮಲ್ಲಿ ಎದೆಗೂಡಿನ ಕೆಳಗೆ, ಹೊಕ್ಕುಳಿನ ಮೇಲೆ ಎಲ್ಲಿ ನೋವು ಬಂದರೂ ಅದಕ್ಕೆ ಒಂದೇ ಹೆಸರು, ಗ್ಯಾಸ್ಟ್ರಿಕ್. ಅಂಗಡಿಯಿಂದ ಒಂದು ಮಾತ್ರೆ ತಂದು ನುಂಗುತ್ತೇವೆ, ಮುಗಿಯಿತು. ಟೀಚರ್ ಕೂಡ ಎರಡು ತಿಂಗಳಿಂದ ಅದನ್ನೇ ಮಾಡುತ್ತಿದ್ದರು. ರಕ್ತ ಪರೀಕ್ಷೆಗೆ ಕಳಿಸಿದೆ. ಆ ಗ್ರಂಥಿಯ ರಸದಲ್ಲಿರುವ ಲೈಪೇಸ್ ಎಂಬ ಕಿಣ್ವ ರಕ್ತದಲ್ಲಿ ಮಾಮೂಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಇತ್ತು.

ಈಗ ಈ ಗ್ರಂಥಿಯ ಬಗ್ಗೆ ಸ್ವಲ್ಪ ಹೇಳಬೇಕು. ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡು ಮಲಗಿರುವ ಅಂಗ ಇದು. ಉದ್ದ ಸುಮಾರು 15 ಸೆಂಟಿಮೀಟರ್. ತೂಕ 100 ಗ್ರಾಂ ಆಸುಪಾಸು. ಇನ್ಸುಲಿನ್ ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದರ ಹೆಚ್ಚಿನ ಭಾಗ ಮಾಡುವ ಕೆಲಸ ಬೇರೆ. ದಿನಕ್ಕೆ ಒಂದು ಲೀಟರಿಗೂ ಜಾಸ್ತಿ ಜೀರ್ಣರಸ ತಯಾರಿಸಿ ಕರುಳಿಗೆ ಬಿಡುತ್ತದೆ. ಆ ರಸದಲ್ಲಿ ಲೈಪೇಸ್ ಇದೆ, ಅದು ಕೊಬ್ಬನ್ನು ಒಡೆಯುತ್ತದೆ. ಟ್ರಿಪ್ಸಿನ್ ಇದೆ, ಅದು ಪ್ರೋಟೀನನ್ನು ಒಡೆಯುತ್ತದೆ. ಅಮೈಲೇಸ್ ಇದೆ, ಅದು ಪಿಷ್ಟವನ್ನು ಒಡೆಯುತ್ತದೆ. ನಾವು ತಿಂದ ಮುದ್ದೆ, ಬೇಳೆ, ತುಪ್ಪ ಎಲ್ಲದಕ್ಕೂ ಈ ರಸ ಬೇಕು.

ಮಾಂಸವನ್ನೇ ಜೀರ್ಣ ಮಾಡುವ ರಸ ತಾನು ಹುಟ್ಟಿದ ಗ್ರಂಥಿಯನ್ನು ಯಾಕೆ ತಿಂದುಹಾಕುವುದಿಲ್ಲ? ಯಾಕೆಂದರೆ ಟ್ರಿಪ್ಸಿನ್‌ನಂಥ ಅಪಾಯದ ಕಿಣ್ವಗಳನ್ನು ಗ್ರಂಥಿ ನಿಷ್ಕ್ರಿಯ ರೂಪದಲ್ಲಿ ತಯಾರಿಸುತ್ತದೆ. ಕರುಳಿನ ಮೊದಲ ಭಾಗವಾದ ಡುಯೋಡಿನಮ್ ತಲುಪಿದ ಮೇಲೆ ಅಲ್ಲಿನ ಎಂಟರೋಕೈನೇಸ್ ಎಂಬ ಇನ್ನೊಂದು ಕಿಣ್ವ ಅದಕ್ಕೆ ಚಾಲನೆ ಕೊಡುತ್ತದೆ. ಈ ಎಂಟರೋಕೈನೇಸ್ ಮತ್ತೆ ಬರುತ್ತದೆ, ಸ್ವಲ್ಪ ನೆನಪಿಡಿ. ಗ್ರಂಥಿಗೆ ಉರಿಯೂತ ಬಂದಾಗ ಈ ಶಿಸ್ತು ಕೆಡುತ್ತದೆ. ಕಿಣ್ವಗಳು ಗ್ರಂಥಿಯನ್ನೇ ತಿನ್ನಲು ಶುರು ಮಾಡುತ್ತವೆ, ರಕ್ತಕ್ಕೂ ಸೋರುತ್ತವೆ. ರಕ್ತದಲ್ಲಿ ಹರಿದ ಲೈಪೇಸ್ ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ ಬರುತ್ತದೆ, ಹೆಚ್ಚಾಗಿ ಮೊಣಕಾಲಿನ ಕೆಳಗೆ. ಟ್ರಿಪ್ಸಿನ್ ರಕ್ತನಾಳದ ಗೋಡೆಯನ್ನು ಸಡಿಲ ಮಾಡಿ ದಾರಿ ಬಿಡುತ್ತದೆ. ಲೈಪೇಸ್ ಕೊಬ್ಬನ್ನು ಒಡೆದು ಕೊಬ್ಬಿನ ಆಮ್ಲ ಬಿಡಿಸುತ್ತದೆ. ಆ ಆಮ್ಲ ಅಲ್ಲಿನ ಕ್ಯಾಲ್ಸಿಯಂ ಜೊತೆ ಸೇರುತ್ತದೆ. ಕೊಬ್ಬಿನ ಆಮ್ಲವೂ ಕ್ಯಾಲ್ಸಿಯಮ್ಮೂ ಸೇರಿದರೆ ಏನಾಗುತ್ತದೆ? ಸಾಬೂನು. ನಿಜವಾಗಿಯೂ ಸಾಬೂನು. ಆ ತಾಯಿ ಸೀಗೆಕಾಯಿ ಹಚ್ಚಿ ತೆಗೆಯಲು ನೋಡಿದ ಜಿಡ್ಡು ಮಗಳ ಕಾಲಿನೊಳಗೆ ಅರ್ಧ ಸಾಬೂನಾಗಿತ್ತು.

ಗಂಟಿನ ತುಂಡು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವ ಚಿತ್ರ ನೋಡಿದವರಿಗೆ ಮರೆಯುವುದಿಲ್ಲ. ಕೊಬ್ಬಿನ ಕೋಶಗಳು ಸತ್ತಿರುತ್ತವೆ, ಒಳಗಿನ ನ್ಯೂಕ್ಲಿಯಸ್ ಇರುವುದಿಲ್ಲ. ಗೋಡೆ ಮಾತ್ರ ದಪ್ಪಗೆ, ಮಸುಕಾಗಿ ನಿಂತಿರುತ್ತದೆ. ಊರು ಬಿಟ್ಟು ಹೋದವರ ಮನೆಗಳ ಹಾಗೆ. ವೈದ್ಯರು ಇದಕ್ಕೆ ಘೋಸ್ಟ್ ಸೆಲ್ ಎನ್ನುತ್ತಾರೆ, ದೆವ್ವದ ಕೋಶ. ಸುತ್ತ ನೀಲಿ ಬಣ್ಣದ ಕ್ಯಾಲ್ಸಿಯಂ ಪುಡಿ. ಈ ಕಾಯಿಲೆಯ ಹೆಸರು ಪ್ಯಾಂಕ್ರಿಯಾಟಿಕ್ ಪ್ಯಾನಿಕ್ಯುಲೈಟಿಸ್. ಹೆಸರು ಉದ್ದ, ಅರ್ಥ ಸುಲಭ: ಮೇದೋಜೀರಕ ಗ್ರಂಥಿಯಿಂದಾಗಿ ಚರ್ಮದ ಕೆಳಗಿನ ಕೊಬ್ಬಿಗೆ ಬಂದ ಉರಿಯೂತ. 1883ರಲ್ಲಿ ಹಾನ್ಸ್ ಕಿಯಾರಿ ಎಂಬ ವೈದ್ಯರು ಮೊದಲು ಇದನ್ನು ಬರೆದಿಟ್ಟರು. ಗ್ರಂಥಿಯ ಕಾಯಿಲೆ ಇರುವ 100 ಜನರಲ್ಲಿ ಹೆಚ್ಚೆಂದರೆ ಎರಡು ಮೂರು ಜನಕ್ಕೆ ಬರುತ್ತದೆ.

ಇಷ್ಟು ಅಪರೂಪದ್ದರ ಬಗ್ಗೆ ನಿಮ್ಮ ಮುಂದೆ ಇಷ್ಟೊತ್ತು ಮಾತಾಡುವುದು ಯಾಕೆ ಅಂತ ನಿಮಗೆ ಅನಿಸಬಹುದು. ಕಾರಣ ಇದೆ. ಹಲವರಲ್ಲಿ ಈ ಗಂಟುಗಳು ಹೊಟ್ಟೆನೋವಿಗಿಂತ ಮೊದಲು ಬರುತ್ತವೆ. ವಾರಗಳಷ್ಟು ಮೊದಲು, ಕೆಲವೊಮ್ಮೆ ತಿಂಗಳುಗಳಷ್ಟು ಮೊದಲು. ಹೊಟ್ಟೆ ಇನ್ನೂ ಸುಮ್ಮನಿರುವಾಗ ಕಾಲು ಹೇಳಿರುತ್ತದೆ. ಕಸಿ ಆದವರಲ್ಲಿ ಹೊಟ್ಟೆ ಇನ್ನೂ ಜಾಸ್ತಿ ಸುಮ್ಮನಿರುತ್ತದೆ. ನೀವು ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ. ಅದರ ಜೊತೆ ನೋವು, ಜ್ವರ, ಹೊಟ್ಟೆ ಬಿಗಿಯುವುದು ಎಲ್ಲವೂ ತಗ್ಗುತ್ತವೆ. ಬೇರೆಯವರು ಮಡಚಿಕೊಂಡು ಬೀಳುವಂಥ ನೋವು ನಿಮಗೆ ಗ್ಯಾಸ್ಟ್ರಿಕ್ ಥರ ಕಾಣಬಹುದು.

ಕಸಿ ಆದವರಿಗೆ ಈ ಗ್ರಂಥಿಯ ಉರಿಯೂತ ಬರಲು ಬೇರೆ ಬೇರೆ ದಾರಿಗಳಿವೆ. ಎಲ್ಲರಿಗೂ ಇರುವ ಪಿತ್ತಕೋಶದ ಕಲ್ಲು, ಕುಡಿತ ಇವು ಇದ್ದೇ ಇವೆ. ಅದರ ಮೇಲೆ ಮಾತ್ರೆಗಳು. ಕಸಿ ತಿರಸ್ಕಾರ ಆಗದಂತೆ ಕೊಡುವ ಅಜಥಯೋಪ್ರಿನ್ ಕೆಲವರಿಗೆ, ಸಾಮಾನ್ಯವಾಗಿ ಶುರು ಮಾಡಿದ ಮೊದಲ ವಾರಗಳಲ್ಲಿ, ಪ್ಯಾಂಕ್ರಿಯಾಟೈಟಿಸ್, ಅಂದರೆ ಈ ಗ್ರಂಥಿಯ ಉರಿಯೂತ ತರುತ್ತದೆ. ಸಿಎಂವಿ ಎಂಬ ವೈರಸ್ ಇದೆ. ಆರೋಗ್ಯವಂತರ ಮೈಯಲ್ಲಿ ಜೀವನಪೂರ್ತಿ ತೆಪ್ಪಗಿರುವ ಇದು, ರೋಗನಿರೋಧಕ ಶಕ್ತಿ ತಗ್ಗಿಸಿದಾಗ ಎದ್ದು ಕರುಳು, ಶ್ವಾಸಕೋಶ, ಈ ಗ್ರಂಥಿ ಎಲ್ಲವನ್ನೂ ಕಾಡಬಹುದು. ಇನ್ನೊಂದು ಕಾರಣ ರಕ್ತದಲ್ಲಿ ವಿಪರೀತ ಏರಿದ ಕ್ಯಾಲ್ಸಿಯಂ. ನಮ್ಮ ಟೀಚರ್ ಕಥೆ ಅದೇ.

ಕಿಡ್ನಿ ವರ್ಷಗಟ್ಟಲೆ ಕೆಟ್ಟಿದ್ದಾಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ವಿಪರೀತ ಕೆಲಸ ಮಾಡಿ ಬೆಳೆದುಬಿಡುತ್ತವೆ. ನಾಲ್ಕು ಸಣ್ಣ ಗ್ರಂಥಿಗಳು, ಮಾಮೂಲಿಗೆ ಒಂದೊಂದು ಅಕ್ಕಿಕಾಳಿನಷ್ಟು. ಹೊಸ ಕಿಡ್ನಿ ಬಂದ ಮೇಲೂ ಕೆಲವರಲ್ಲಿ ಅವು ಹಳೆಯ ಜೋರು ಬಿಡುವುದಿಲ್ಲ. ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಸುರಿಯುತ್ತಲೇ ಇರುತ್ತವೆ. ಟೀಚರ್ ಜೊತೆಗೆ ಡಯಾಲಿಸಿಸ್ ಕಾಲದ ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ ಎರಡನ್ನೂ ನುಂಗುತ್ತಲೇ ಇದ್ದರು. ನಿಲ್ಲಿಸಿ ಅಂತ ಯಾರೂ ಹೇಳಿರಲಿಲ್ಲ. ಹಳೆ ಚೀಟಿ ನೋಡಿ ನೋಡಿ ಅಂಗಡಿಯವರು ಕೊಡುತ್ತಲೇ ಇದ್ದರು. ಈ ಸಭೆಯಲ್ಲಿ ಕೂತವರಲ್ಲಿ ಎಷ್ಟು ಜನ ಹಳೆ ಚೀಟಿಯ ಮೇಲೆ ಮಾತ್ರೆ ತರುತ್ತಿದ್ದೀರಿ? ಕೈ ಎತ್ತುವುದು ಬೇಡ. ಇವತ್ತು ಮನೆಗೆ ಹೋಗಿ ಡಬ್ಬಿ ತೆಗೆದು ನೋಡಿ. ಮುಂದಿನ ಸಲ ಕಿಡ್ನಿ ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ.

ಲೈಪೇಸ್ ವಿಷಯದಲ್ಲಿ ಇಲ್ಲಿರುವ ಕಿರಿಯ ವೈದ್ಯರಿಗೆ ಒಂದು ಮಾತು. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಅಮೈಲೇಸ್, ಲೈಪೇಸ್ ಎರಡೂ ಸ್ವಲ್ಪ ಏರಿಯೇ ಇರುತ್ತವೆ. ಸ್ವಲ್ಪ ಏರಿದ್ದಕ್ಕೆಲ್ಲ ಗಾಬರಿ ಬೇಡ. ಮಾಮೂಲಿ ಮಿತಿಯ ಮೂರು ಪಟ್ಟು ದಾಟಿದರೆ ಗಟ್ಟಿಯಾಗಿ ಯೋಚಿಸಬೇಕು. ಹಾಗಂತ ಕಸಿ ಕಿಡ್ನಿ ಸ್ವಲ್ಪ ಮಂಕಾಗಿದೆ, ಅದಕ್ಕೇ ಲೈಪೇಸ್ ಏರಿದೆ ಅಂತ ತೀರ್ಮಾನ ಮಾಡಿ ಸುಮ್ಮನಾಗಬೇಡಿ. ಕಾಲಿನಲ್ಲಿ ಗಂಟಿದ್ದರಂತೂ ಬೇಡವೇ ಬೇಡ.

ಗಂಟುಗಳ ಜೊತೆ ಕೀಲುನೋವು ಬರುವುದೂ ಉಂಟು. ಗಿಣ್ಣು, ಮೊಣಕಾಲು ಊದುತ್ತವೆ. ಕೀಲಿನ ಸುತ್ತ ಮತ್ತು ಮೂಳೆಯ ಮಜ್ಜೆಯಲ್ಲೂ ಕೊಬ್ಬಿದೆಯಲ್ಲ, ಲೈಪೇಸ್ ಅಲ್ಲಿಗೂ ಹೋಗುತ್ತದೆ. ಟೀಚರಿಗೆ ಚಿಕೂನ್‌ಗುನ್ಯಾ ಅಂದುಕೊಂಡಿದ್ದು ಇದೇ. ವಯಸ್ಸಾದವರಲ್ಲಿ ಗಂಟು, ಕೀಲುನೋವು ಎರಡೂ ಬಂದು, ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಕೂಡ ಏರಿದ್ದರೆ ಗ್ರಂಥಿಯ ಕ್ಯಾನ್ಸರನ್ನೂ ಹುಡುಕಬೇಕು. ಅದಕ್ಕೆ ಸ್ಕ್ಯಾನ್ ಮಾಡದೆ ಬೇರೆ ದಾರಿ ಇಲ್ಲ.

ಈಗ ಪ್ಯಾಂಕ್ರಿಯಾಸನ್ನೇ ಕಸಿ ಮಾಡಿಸಿಕೊಂಡವರ ವಿಷಯ. ನಮ್ಮ ದೇಶದಲ್ಲಿ ಇವರ ಸಂಖ್ಯೆ ಕಮ್ಮಿ. ಕಿಡ್ನಿಯನ್ನು ಬದುಕಿರುವ ಅಮ್ಮ, ಅಣ್ಣ, ಹೆಂಡತಿ ಕೊಡಬಹುದು. ಪ್ಯಾಂಕ್ರಿಯಾಸ್ ಸಾಮಾನ್ಯವಾಗಿ ಮೆದುಳು ನಿಷ್ಕ್ರಿಯರಾದವರಿಂದ ಬರಬೇಕು. ಕರ್ನಾಟಕದಲ್ಲಿ ಅಂಥ ದಾನವನ್ನು ಹೊಂದಿಸಿಕೊಡುವುದು ಜೀವಸಾರ್ಥಕತೆ ಸಂಸ್ಥೆ. ಚಿಕ್ಕ ವಯಸ್ಸಿಗೇ ಟೈಪ್ 1 ಸಕ್ಕರೆ ಕಾಯಿಲೆ ಬಂದು, ಅದರಿಂದ ಕಿಡ್ನಿಯೂ ಹೋದವರಿಗೆ ಎರಡನ್ನೂ ಒಟ್ಟಿಗೆ ಕಸಿ ಮಾಡುತ್ತಾರೆ. ಜಗತ್ತಿನಲ್ಲಿ ಮೊದಲ ಸಲ ಇದನ್ನು ಮಾಡಿದ್ದು 1966ರ ಡಿಸೆಂಬರಿನಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ವಿಲಿಯಂ ಕೆಲ್ಲಿ ಮತ್ತು ರಿಚರ್ಡ್ ಲಿಲ್ಲೆಹೈ ಎಂಬ ಸರ್ಜನ್ನರು 28 ವರ್ಷದ ಹೆಣ್ಣುಮಗಳೊಬ್ಬಳಿಗೆ ಮಾಡಿದರು. ಇನ್ಸುಲಿನ್‌ಗಾಗಿ ಹಾಕಿದ ಗ್ರಂಥಿಯಿಂದ ಜೀರ್ಣರಸವೂ ಬರುತ್ತದೆ. ಅದನ್ನು ಎಲ್ಲಿಗೆ ಬಿಡುವುದು? ಮೊದಲ ಆಪರೇಷನ್‌ನಲ್ಲಿ ರಸದ ನಾಳವನ್ನೇ ಕಟ್ಟಿಹಾಕಿದ್ದರು. ಆಮೇಲಿನ ದಶಕಗಳ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗಿದೆ.

ಹೊಸ ಗ್ರಂಥಿಯನ್ನು ಸಾಮಾನ್ಯವಾಗಿ ಬಲ ಕಿಬ್ಬೊಟ್ಟೆಯಲ್ಲಿ ಇಡುತ್ತಾರೆ. ಹಳೆಯದನ್ನು ತೆಗೆಯುವುದಿಲ್ಲ, ಅದು ತನ್ನ ಜಾಗದಲ್ಲೇ ಇರುತ್ತದೆ. ಹೊಸದರ ಜೊತೆ ದಾನಿಯ ಡುಯೋಡಿನಮ್‌ನ ಒಂದು ತುಂಡೂ ಬರುತ್ತದೆ. ಒಂದು ಕಾಲದಲ್ಲಿ ಆ ತುಂಡನ್ನು ಮೂತ್ರಕೋಶಕ್ಕೆ ಹೊಲಿಯುವುದು ಹೆಚ್ಚು ರೂಢಿಯಲ್ಲಿತ್ತು. ಅದರಲ್ಲಿ ಒಂದು ಅನುಕೂಲ ಇತ್ತು. ರಸ ಮೂತ್ರದಲ್ಲಿ ಬರುತ್ತದೆ, ಹಾಗಾಗಿ ಮೂತ್ರದ ಅಮೈಲೇಸ್ ಅಳೆದರೆ ಗ್ರಂಥಿ ಹೇಗಿದೆ ಎಂದು ತಿಳಿಯುತ್ತಿತ್ತು. ಅಮೈಲೇಸ್ ಇಳಿದರೆ ದೇಹ ಗ್ರಂಥಿಯನ್ನು ತಿರಸ್ಕರಿಸುತ್ತಿದೆಯೇನೋ ಎಂಬ ಸುಳಿವು.

ಆದರೆ ಚರ್ಮದ ಡಾಕ್ಟರಾಗಿ ನನ್ನ ಮನಸ್ಸಿಗೆ ನಾಟಿದ್ದು ಇದರ ಇನ್ನೊಂದು ಮುಖ. ಆಗಲೇ ಎಂಟರೋಕೈನೇಸ್ ನೆನಪಿಡಿ ಅಂದಿದ್ದೆನಲ್ಲ. ಆ ಡುಯೋಡಿನಮ್ ತುಂಡಿನಲ್ಲಿ ಅದು ಇದ್ದೇ ಇರುತ್ತದೆ. ಅದು ಮೂತ್ರಕೋಶದಲ್ಲೇ ಟ್ರಿಪ್ಸಿನ್‌ಗೆ ಚಾಲನೆ ಕೊಡುತ್ತದೆ. ಅಂದರೆ ಆ ರೋಗಿಯ ಮೂತ್ರದಲ್ಲಿ ಮಾಂಸ ಜೀರ್ಣ ಮಾಡುವ ರಸ ಬೆರೆತಿರುತ್ತದೆ. ಮೂತ್ರನಾಳ ಉರಿಯುತ್ತದೆ, ರಕ್ತ ಬರುತ್ತದೆ. ಮೂತ್ರ ತಗಲಿದ ಕಡೆಯೆಲ್ಲ, ಗುಪ್ತಾಂಗದ ಚರ್ಮ, ತೊಡೆಯ ಸಂದು, ಸುಲಿದು ಹಸಿ ಹುಣ್ಣಾಗುತ್ತದೆ. ನೋಡುವವರು ಫಂಗಸ್ ಅಂದುಕೊಂಡು ಕ್ರೀಮ್ ಬರೆಯುತ್ತಾರೆ. ಸಕ್ಕರೆ ಕಾಯಿಲೆ ಇದ್ದವರು, ಸ್ಟೀರಾಯ್ಡ್ ತಗೊಳ್ಳುವವರು, ಫಂಗಸ್ ಇರಬಹುದು ಅಂತ ಅನಿಸುವುದು ಸಹಜ. ಕ್ರೀಮಿಗೆ ಅದು ಬಗ್ಗುವುದಿಲ್ಲ. ಹೆಚ್ಚಿನವರು ಸಂಕೋಚಪಟ್ಟು ಹೇಳುವುದೇ ಇಲ್ಲ. ಮೂತ್ರಕ್ಕೆ ಹೋಗಲು ಹೆದರಿ ನೀರು ಕುಡಿಯುವುದನ್ನೇ ಕಮ್ಮಿ ಮಾಡುವವರೂ ಇರುತ್ತಾರೆ. ಅಂಥವರಲ್ಲಿ ಮೊದಲೇ ಮೂತ್ರದಲ್ಲಿ ನೀರು, ಬೈಕಾರ್ಬನೇಟ್ ಎರಡೂ ನಷ್ಟವಾಗುತ್ತಿರುತ್ತವೆ. ನೀರು ಕಮ್ಮಿಯಾದರೆ ಮೈ ಒಣಗಿ ಕಿಡ್ನಿಗೂ ಪೆಟ್ಟು. ತೀರಾ ಕಷ್ಟವಾದರೆ ಇನ್ನೊಂದು ಆಪರೇಷನ್ ಮಾಡಿ, ಗ್ರಂಥಿಯನ್ನು ಮೂತ್ರಕೋಶದಿಂದ ಬಿಡಿಸಿ ಕರುಳಿಗೆ ಜೋಡಿಸುತ್ತಾರೆ. ಚರ್ಮ ತಾನಾಗಿ ಮಾಯುತ್ತದೆ. ಈಗ ಬಹುತೇಕ ಕಡೆ ಮೊದಲೇ ಕರುಳಿಗೆ ಜೋಡಿಸುತ್ತಾರೆ. ಆದರೂ ಹಳೆ ವಿಧಾನದಲ್ಲಿ ಕಸಿ ಆದವರು ಇನ್ನೂ ಇದ್ದಾರೆ. ವೈದ್ಯರಿಗೆ ನನ್ನ ವಿನಂತಿ, ನೀವೇ ಕೇಳಿ. "ಕೆಳಗಡೆ ಚರ್ಮ ಉರಿಯುತ್ತಾ?" ಇಷ್ಟು ಕೇಳಿದರೆ ಸಾಕು, ತಿಂಗಳುಗಟ್ಟಲೆ ನುಂಗಿಕೊಂಡ ನೋವು ಹೊರಗೆ ಬರುತ್ತದೆ.

ಹೊಸ ಪ್ಯಾಂಕ್ರಿಯಾಸ್ ಇರುವವರ ಕಾಲಿನಲ್ಲಿ ಆ ಎಣ್ಣೆಗಂಟು ಬಂದರೆ ಪ್ರಶ್ನೆ ಎರಡಾಗುತ್ತದೆ. ಉರಿಯೂತ ಯಾವ ಗ್ರಂಥಿಯಲ್ಲಿ, ಹಳೆಯದರಲ್ಲೋ ಹೊಸದರಲ್ಲೋ? ಹೊಸದರಲ್ಲಾದರೆ ಅದು ಬರೀ ಉರಿಯೂತವೋ, ತಿರಸ್ಕಾರವೋ? ಎರಡೂ ಆಗಬಹುದು, ಎರಡರ ಚಿಕಿತ್ಸೆಯೂ ಬೇರೆ. ತಿರಸ್ಕಾರವಾದರೆ ಔಷಧಿ ಜೋರು ಮಾಡಬೇಕು. ಸೋಂಕಿನಿಂದ ಬಂದ ಉರಿಯೂತವಾದರೆ ಜೋರು ಮಾಡಿದರೆ ಅನಾಹುತ. ಇಲ್ಲಿ ಚರ್ಮದವರು, ಕಿಡ್ನಿಯವರು, ಸರ್ಜನ್ನು ಒಂದೇ ಟೇಬಲ್ಲಿನ ಸುತ್ತ ಕೂತು ಮಾತಾಡಲೇಬೇಕು.

ಮೈಮೇಲಿನ ನೀಲಿ ಕಲೆಗಳ ಬಗ್ಗೆ ಇಲ್ಲಿ ಒಬ್ಬರು ಆಗಲೇ ಕೇಳಿದರು. ಪ್ಯಾಂಕ್ರಿಯಾಟೈಟಿಸ್ ಬಹಳ ತೀವ್ರವಾಗಿ ಒಳಗೆ ರಕ್ತ ಸೋರಿದಾಗ ಹೊಕ್ಕುಳಿನ ಸುತ್ತ ಅಥವಾ ಪಕ್ಕೆಯಲ್ಲಿ ಕಪ್ಪು ನೀಲಿ ಕಲೆ ಮೂಡುತ್ತದೆ. ಹೊಕ್ಕುಳಿನದಕ್ಕೆ ಕಲ್ಲೆನ್ ಚಿಹ್ನೆ ಅನ್ನುತ್ತಾರೆ, ಪಕ್ಕೆಯದಕ್ಕೆ ಗ್ರೇ ಟರ್ನರ್ ಚಿಹ್ನೆ. ಥಾಮಸ್ ಕಲ್ಲೆನ್ 1918ರಲ್ಲಿ ಬರೆದಿದ್ದು ಗರ್ಭಕೋಶದ ಹೊರಗಿನ ಗರ್ಭ ಒಡೆದ ಹೆಂಗಸಿನ ಬಗ್ಗೆ. ಗ್ರೇ ಟರ್ನರ್ 1920ರಲ್ಲಿ ಪ್ಯಾಂಕ್ರಿಯಾಟೈಟಿಸ್ ಬಗ್ಗೆ ಬರೆದರು. ಇವು ಅಪರೂಪ. ಕಾಣುವುದು ಒಂದೆರಡು ದಿನ ಕಳೆದ ಮೇಲೆ, ಆ ಹೊತ್ತಿಗೆ ರೋಗಿ ಐಸಿಯುನಲ್ಲೇ ಇರುತ್ತಾರೆ. ನಿಮ್ಮ ಮುಂಗೈ ಮೇಲೆ ಸಣ್ಣದಾಗಿ ತಾಗಿದರೂ ಮೂಡುವ ನೇರಳೆ ಕಲೆ ಬೇರೆ. ಅದು ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡು ಚರ್ಮ ತೆಳುವಾದದ್ದು. ಅದಕ್ಕೆ ಹೆದರಬೇಡಿ.

ಬಣ್ಣದ ಮಾತು ಬಂತು, ಇದೊಂದನ್ನು ಹೇಳದೆ ಇರಲಾರೆ. ನಾವು ಓದಿದ ಪುಸ್ತಕಗಳಲ್ಲಿ ಈ ಗಂಟುಗಳ ಚಿತ್ರವೆಲ್ಲ ಬಿಳಿ ಚರ್ಮದವರದ್ದು. ಅಲ್ಲಿ ಗಂಟು ಕೆಂಪಗೆ ಹೊಳೆಯುತ್ತದೆ. ನಮ್ಮ ಕಾಲಿನ ಮೇಲೆ ಅದೇ ಗಂಟು ಕಂದಾಗಿ, ನೇರಳೆಯಾಗಿ, ಎಷ್ಟೋ ಸಲ ಬರೀ ಕಪ್ಪಾಗಿ ಕಾಣುತ್ತದೆ. ಕೆಂಪು ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಟ್ಯೂಬ್‌ಲೈಟ್ ಬೆಳಕಿನಲ್ಲಂತೂ ಇಲ್ಲವೇ ಇಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ರೋಗಿಯನ್ನು ಕಿಟಕಿ ಹತ್ತಿರ ಕೂರಿಸಿ, ಕಣ್ಣಿಗಿಂತ ಮೊದಲು ಕೈಯಿಂದ ನೋಡಿ. ಬಿಸಿ ಇದೆಯಾ, ಗಟ್ಟಿ ಇದೆಯಾ, ಒತ್ತಿದರೆ ಮುಖ ಹಿಂಡುತ್ತಾರಾ. ನಮ್ಮ ರೋಗಿಗಳ ಕಾಲಿನ ಚಿತ್ರಗಳು ನಮ್ಮ ಪಾಠಗಳಲ್ಲಿ ಬರಬೇಕು. ಇದು ನನಗೆ ಬಹಳ ಮುಖ್ಯವಾದ ವಿಷಯ.

ಇನ್ನೊಂದು ಚರ್ಮದ ಗುರುತು ಗಂಟಿಗಿಂತ ಚಿಕ್ಕದು, ಆದರೆ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವಂಥದ್ದು. ಮೊಣಕೈ, ಮೊಣಕಾಲು, ಪೃಷ್ಠದ ಮೇಲೆ ಇದ್ದಕ್ಕಿದ್ದಂತೆ ಸಾಸಿವೆ ಕಾಳಿನಿಂದ ಹೆಸರುಕಾಳಿನಷ್ಟು ಗಾತ್ರದ ಹಳದಿ ಗುಳ್ಳೆಗಳು ಏಳುತ್ತವೆ. ಸುತ್ತ ಸ್ವಲ್ಪ ಕೆಂಪು, ಸ್ವಲ್ಪ ನವೆ. ಹಿಸುಕಿದರೆ ಏನೂ ಬರುವುದಿಲ್ಲ. ಇದಕ್ಕೆ ಇರಪ್ಟಿವ್ ಜ್ಯಾಂಥೋಮಾ ಎನ್ನುತ್ತಾರೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಉಕ್ಕಿ ಹರಿದು ಚರ್ಮದಲ್ಲಿ ಕೂತದ್ದು. 150ರ ಒಳಗೆ ಇರಬೇಕಾದದ್ದು ಇಂಥವರಲ್ಲಿ 1000 ದಾಟಿರುತ್ತದೆ. ಟ್ರೈಗ್ಲಿಸರೈಡ್ 1000 ದಾಟಿದರೆ ಅದೇ ಪ್ಯಾಂಕ್ರಿಯಾಟೈಟಿಸ್ ತರಬಹುದು. ಎಣ್ಣೆಗಂಟು ಬರುವುದು ಗ್ರಂಥಿ ಕೆಟ್ಟ ಮೇಲೆ. ಈ ಹಳದಿ ಗುಳ್ಳೆ ಗ್ರಂಥಿ ಕೆಡುವುದಕ್ಕೂ ಮೊದಲೇ ಬರಬಹುದು. ಅದಕ್ಕೇ ಇದನ್ನು ನೋಡಿದ ಕೂಡಲೇ ನಾನು ಅದೇ ದಿನ ರಕ್ತ ತೆಗೆಸುತ್ತೇನೆ. ಟ್ಯೂಬಿನಲ್ಲಿ ರಕ್ತ ಸ್ವಲ್ಪ ಹೊತ್ತು ನಿಂತರೆ ಮೇಲಿನ ಸೀರಮ್ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಇಂಥ ರಕ್ತದಲ್ಲಿ ಅಮೈಲೇಸ್ ಪರೀಕ್ಷೆ ಮೋಸ ಮಾಡಬಹುದು. ಉರಿಯೂತ ಇದ್ದರೂ ನಾರ್ಮಲ್ ಎಂದು ತೋರಿಸಬಹುದು.

ಕಸಿ ಆದವರಿಗೆ ಟ್ರೈಗ್ಲಿಸರೈಡ್ ಏರಲು ತಿರಸ್ಕಾರ ತಡೆಯುವ ಔಷಧಿಗಳೇ, ಅಂದರೆ ಸ್ಟೀರಾಯ್ಡ್, ಸೈಕ್ಲೋಸ್ಪೋರಿನ್, ಕಾರಣವಾಗುತ್ತವೆ. ಕಸಿಯ ನಂತರ ಬರುವ ಸಕ್ಕರೆ ಕಾಯಿಲೆಯೂ ಕಾರಣ. ಎಲ್ಲಕ್ಕಿಂತ ಜಾಸ್ತಿ ಸಿರೊಲಿಮಸ್, ಅದೂ ತಿರಸ್ಕಾರ ತಡೆಯುವ ಔಷಧಿಯೇ. ಈ ಔಷಧಿಯ ಹುಟ್ಟಿನ ಕಥೆ ನನಗೆ ಬಹಳ ಇಷ್ಟ, ಎರಡು ನಿಮಿಷ ಹೇಳಿಬಿಡುತ್ತೇನೆ. ಪೆಸಿಫಿಕ್ ಸಾಗರದ ನಡುವೆ ರಾಪಾ ನೂಯಿ ಎಂಬ ದ್ವೀಪ ಇದೆ. ದೊಡ್ಡ ಕಲ್ಲಿನ ಮುಖಗಳಿರುವ ಈಸ್ಟರ್ ದ್ವೀಪ ಅಂದರೆ ನಿಮಗೆ ಗೊತ್ತಾಗುತ್ತದೆ. 1960ರ ದಶಕದಲ್ಲಿ ಕೆನಡಾದ ತಂಡವೊಂದು ಅಲ್ಲಿಂದ ಮಣ್ಣು ತಂದಿತು. ಆ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ವಸ್ತುವಿಗೆ ದ್ವೀಪದ ಹೆಸರಿನಿಂದಲೇ ರಾಪಾಮೈಸಿನ್ ಎಂದು ಹೆಸರಿಟ್ಟರು. ಅದರ ಮೇಲೆ ಕೆಲಸ ಮಾಡಿದ ವಿಜ್ಞಾನಿ ಸುರೇನ್ ಸೆಹಗಲ್, ಅವಿಭಜಿತ ಭಾರತದಲ್ಲಿ ಹುಟ್ಟಿದವರು. ಮಾಂಟ್ರಿಯಲ್‌ನ ಪ್ರಯೋಗಾಲಯ ಮುಚ್ಚಿ ಕೆಲಸ ನಿಂತಾಗ ಆ ಬ್ಯಾಕ್ಟೀರಿಯಾ ಹಾಳಾಗಬಾರದೆಂದು ಅವರು ಅದನ್ನು ಮನೆಗೆ ತಂದು ಫ್ರೀಜರಿನಲ್ಲಿ ಇಟ್ಟುಕೊಂಡಿದ್ದರು. 1999ರಲ್ಲಿ ಅದು ಕಿಡ್ನಿ ಕಸಿಯ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇಷ್ಟು ಜತನದಿಂದ ನಿಮ್ಮವರೆಗೆ ಬಂದ ಔಷಧಿ ಅದು. ಹಳದಿ ಗುಳ್ಳೆ ಕಂಡ ಕೂಡಲೇ ನೀವೇ ಅದನ್ನು ನಿಲ್ಲಿಸಬೇಡಿ, ಕಸಿ ತಿರಸ್ಕಾರವಾಗಬಹುದು. ಡೋಸ್ ಇಳಿಸುವುದೋ, ಬದಲಿಸುವುದೋ, ಕೊಬ್ಬಿಗೆ ಬೇರೆ ಮಾತ್ರೆ ಕೊಡುವುದೋ ಎಂಬುದನ್ನು ನಿಮ್ಮ ಡಾಕ್ಟರ್ ನೋಡುತ್ತಾರೆ. ಟ್ರೈಗ್ಲಿಸರೈಡ್ ಇಳಿದರೆ ಕೆಲವು ವಾರಗಳಲ್ಲಿ ಗುಳ್ಳೆಗಳು ಹೋಗುತ್ತವೆ.

ಗ್ರಂಥಿಯ ಬಹುಕಾಲದ ಕಾಯಿಲೆಯಲ್ಲಿ ಸತು ಕೊರತೆಯಾಗಿ ಬಾಯಿ ಸುತ್ತ, ತೊಡೆ ಸಂದಿನಲ್ಲಿ ಚರ್ಮ ಸುಲಿಯುವುದುಂಟು. ಗ್ಲುಕಗಾನ್ ಎಂಬ ಹಾರ್ಮೋನ್ ಮಾಡುವ ಗಡ್ಡೆಯಲ್ಲೂ ಅದೇ ಥರದ್ದು ಬರುತ್ತದೆ. ಇವತ್ತು ಅದರ ವಿವರಕ್ಕೆ ಹೋಗುವುದಿಲ್ಲ.

ಮತ್ತೆ ಕಾಲಿನ ಗಂಟಿಗೆ ಬರೋಣ. ಗಂಟೆಲ್ಲ ಪ್ಯಾಂಕ್ರಿಯಾಸ್ ಅಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಎರಿಥೀಮಾ ನೊಡೋಸಮ್ ಎಂಬುದು ಇದಕ್ಕಿಂತ ಬಹಳ ಸಾಮಾನ್ಯ. ಅದು ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗದಲ್ಲಿ ಬರುತ್ತದೆ, ಒಡೆಯುವುದಿಲ್ಲ. ನಮ್ಮ ದೇಶದಲ್ಲಿ ಟಿಬಿಯನ್ನು ಯಾವತ್ತೂ ಮರೆಯುವ ಹಾಗಿಲ್ಲ. ಅದು ಮೀನಖಂಡದ ಹಿಂದೆ ಗಂಟಾಗಿ, ಒಡೆದು ಹುಣ್ಣಾಗಬಹುದು. ಕಸಿ ಆದವರಲ್ಲಿ ಕ್ರಿಪ್ಟೊಕಾಕಸ್‌ನಂಥ ಫಂಗಸ್, ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾ, ಟಿಬಿಯ ಸಂಬಂಧಿ ಬ್ಯಾಕ್ಟೀರಿಯಾಗಳು ಇವೆಲ್ಲ ಹೊರಗಿಂದ ನೋಡಿದರೆ ಒಂದೇ ಥರ. ಅದಕ್ಕೇ ಬಯಾಪ್ಸಿ ಬೇಕು. ಮೇಲುಮೇಲಿಂದ ಚೂರು ತೆಗೆದರೆ ಸಾಲದು, ಕೊಬ್ಬಿನ ಪದರದವರೆಗೆ ಆಳವಾಗಿ ತೆಗೆಯಬೇಕು. ಒಂದು ತುಂಡು ಫಾರ್ಮಾಲಿನ್‌ಗೆ, ಇನ್ನೊಂದು ತುಂಡು ಸಲೈನ್‌ನಲ್ಲಿ ಕಲ್ಚರ್‌ಗೆ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಕಲಿಯುವ ದಿನಗಳಲ್ಲಿ ಒಮ್ಮೆ ಕಸಿ ಆದ ರೋಗಿಯ ಕಾಲಿನ ಬಯಾಪ್ಸಿ ಮಾಡಿ ಪೂರ್ತಿ ತುಂಡನ್ನು ಫಾರ್ಮಾಲಿನ್‌ಗೆ ಹಾಕಿಬಿಟ್ಟೆ. ಫಾರ್ಮಾಲಿನ್‌ಗೆ ಬಿದ್ದ ಮೇಲೆ ಸೂಕ್ಷ್ಮಜೀವಿ ಬೆಳೆಯುವುದಿಲ್ಲ. ಅವರನ್ನು ಮತ್ತೆ ಕರೆಸಿ ಮತ್ತೆ ಕೊಯ್ಯಬೇಕಾಯಿತು. ಬಸ್ಸಿನಲ್ಲಿ ಐದು ಗಂಟೆ ಕೂತು ಬಂದಿದ್ದರು. ಒಂದು ಮಾತೂ ಬೈಯಲಿಲ್ಲ. ಆ ಮನುಷ್ಯನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮನೆಯಲ್ಲಿ ನೀವು ಏನು ಮಾಡಬಹುದು? ಗಂಟು ಕಂಡರೆ ತಿಕ್ಕಬೇಡಿ. ಹರಳೆಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ ಕೊಡುವುದು, ಸೂಜಿ ಚುಚ್ಚುವುದು ಬೇಡ. ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡಿ, ಕಸಿ ಕಿಡ್ನಿಗೆ ಅವು ಒಳ್ಳೆಯದಲ್ಲ. ಸ್ಟೀರಾಯ್ಡ್ ನೀವಾಗಿ ಏರಿಸಬೇಡಿ, ಇಳಿಸಬೇಡಿ. ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಫೋಟೋ ತೆಗೆದಿಡಿ. ಡಾಕ್ಟರ ಹತ್ತಿರ ಹೊಟ್ಟೆಯ ವಿಷಯವನ್ನು ಕೇಳದಿದ್ದರೂ ಹೇಳಿ. ಊಟ ಆದ ಮೇಲೆ ನೋವು ಜಾಸ್ತಿ ಆಗುತ್ತಾ, ಬೆನ್ನಿಗೆ ಹೋಗುತ್ತಾ, ಮುಂದಕ್ಕೆ ಬಾಗಿದರೆ ಕಮ್ಮಿ ಆಗುತ್ತಾ. ಗ್ಯಾಸ್ಟ್ರಿಕ್ ಎಂಬ ಪದ ಬಿಟ್ಟು, ಎಲ್ಲಿ ನೋವು ಅಂತ ಕೈಯಿಟ್ಟು ತೋರಿಸಿ.

ಟೀಚರಿಗೆ ಕೊನೆಗೆ ಏನಾಯಿತು ಅಂತ ಹಿಂದಿನ ಸಾಲಿನವರು ಕೇಳುತ್ತಿದ್ದಾರೆ. ಬಯಾಪ್ಸಿಯಲ್ಲಿ ದೆವ್ವದ ಕೋಶಗಳು ಕಂಡವು. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ರಕ್ತದ ಕ್ಯಾಲ್ಸಿಯಂ ಬಹಳ ಏರಿತ್ತು. ಸೇರಿಸಿಕೊಂಡು ಸಲೈನ್ ಕೊಟ್ಟರು, ಹಳೆ ಮಾತ್ರೆಗಳನ್ನು ನಿಲ್ಲಿಸಿದರು. ಗ್ರಂಥಿಯ ರಸ ತಗ್ಗಿಸಲು ಕೆಲವು ದಿನ ಆಕ್ಟ್ರಿಯೋಟೈಡ್ ಇಂಜೆಕ್ಷನ್ ಕೊಟ್ಟರು. ಕೆಲವು ತಿಂಗಳ ನಂತರ ಕುತ್ತಿಗೆಯ ಪ್ಯಾರಾಥೈರಾಯ್ಡ್ ಆಪರೇಷನ್ ಆಯಿತು. ಗಂಟಿಗೆ ನಾನು ಮಾಡಿದ್ದು ಬರೀ ಡ್ರೆಸ್ಸಿಂಗ್ ಮತ್ತು ಕಾಲಿಗೆ ಬ್ಯಾಂಡೇಜ್. ತಾಯಿ ಒಂದು ನೋಟ್‌ಬುಕ್ಕಿನಲ್ಲಿ ಮಗಳ ಕಾಲಿನ ಚಿತ್ರ ಬರೆದು, ಯಾವ ದಿನ ಎಲ್ಲಿ ಹೊಸ ಗಂಟು ಎದ್ದಿತು ಎಂದು ಚುಕ್ಕಿ ಇಡುತ್ತಿದ್ದರು. ಲೈಪೇಸ್ ವರದಿಗಳನ್ನು ಆ ಚುಕ್ಕಿಗಳ ಪಕ್ಕ ಇಟ್ಟು ನೋಡಿದೆವು. ಲೈಪೇಸ್ ಇಳಿದ ವಾರದಿಂದ ಹೊಸ ಚುಕ್ಕಿ ಬಿದ್ದಿರಲಿಲ್ಲ. ಗಂಟು ಹೋದ ಜಾಗದಲ್ಲಿ ಕೊಬ್ಬು ಕರಗಿದ್ದರಿಂದ ಸಣ್ಣ ಗುಳಿಗಳು, ಕಂದು ಕಲೆಗಳು ಉಳಿದವು. ಕಲೆ ನಿಧಾನಕ್ಕೆ ಮಾಸುತ್ತದೆ, ಗುಳಿ ಹಾಗೇ ಇರುತ್ತದೆ ಎಂದು ಹೇಳಿದೆ.

ಕೊನೆಯ ಸಲ ಬಂದಾಗ ಆ ಬೆಡ್‌ಶೀಟ್ ಏನು ಮಾಡಿದಿರಿ ಎಂದು ತಾಯಿಯನ್ನು ಕೇಳಿದೆ. "ಒಗದು ಎಂಥಾ ಛಲೋ ಆಗೇತ್ರೀ, ಜಿಡ್ಡಿನ ಕಲಿ ಮಾತ್ರ ಉಳದೈತಿ" ಅಂದರು. "ಬಿಸಾಕೋದ್ಯಾಕಂತ ಕೌದಿಯೊಳಗ ಹಾಕಿ ಹೊಲದೀನ್ರೀ. ಅದನ್ನ ಹೊತಗೊಂಡು ಮಕ್ಕೋತಾಳ."